ಉಪ್ಪಿನ ಕೋಣೆಯ ಸ್ಕೂಲು

ಸ್ಕೂಲಿನವರು ಅವಳ ಮಗಳನ್ನು ಅಂಗಳದ ನಲ್ಲಿಯ ಕೆಳಗೆ ನಿಲ್ಲಿಸಿ ಫಿನಾಯಿಲು ಹಾಕಿ ತೊಳೆದರು.

ನೆಲ ತೊಳೆಯುವ ಫಿನಾಯಿಲು. ತೊಳೆದದ್ದು ನೆಲ ತೊಳೆಯುವ ಆಯಾ. ತೊಳೆಸಿದ್ದು ಟೀಚರು. ಅಂದು ಸ್ಕೂಲು ನೋಡಲು ಯಾರೋ ದೊಡ್ಡವರು ಬರುವವರಿದ್ದರು. ಟ್ಯಾನರಿ ಓಣಿಯ ಮಕ್ಕಳ ಮೈಯಿಂದ ತೊಗಲಿನ ವಾಸನೆ ಬರುತ್ತದೆ, ಬಂದವರು ಏನಂದುಕೊಂಡಾರು ಎಂದು ಟೀಚರಿಗೆ ಚಿಂತೆ. ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕ ಕೂರುತ್ತಿದ್ದ ಈ ಹುಡುಗಿ ಮೊದಲು ಕೈಗೆ ಸಿಕ್ಕಿದಳು. ಫ್ರಾಕು ಬಿಚ್ಚಿಸಿದರು. ಇಡೀ ಸ್ಕೂಲು ಕಿಟಕಿಗಳಲ್ಲಿ ನಿಂತು ನೋಡಿತು.

ಹುಡುಗಿಗೆ ಎಂಟು ವರ್ಷ.

ಸುದ್ದಿ ತಿಳಿದು ಅಮ್ಮ ತೊಗಲು ಹದ ಮಾಡುವ ಟ್ಯಾನರಿಯಿಂದ ಓಡಿ ಬಂದಾಗ ಮಗಳು ಒದ್ದೆ ಚಡ್ಡಿಯಲ್ಲಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಕಣ್ಣು ಊದಿಕೊಂಡಿತ್ತು. ಕತ್ತಿನ ಹಿಂದೆ ಚರ್ಮ ಕೆಂಪಗೆ ಎದ್ದು ಬಂದಿತ್ತು. ಅಳುತ್ತಿರಲಿಲ್ಲ. ಅಮ್ಮನನ್ನು ನೋಡಿ ಮುಖ ತಿರುಗಿಸಿಕೊಂಡಳು.

"ಮಕ್ಕಳನ್ನ ಶುಚಿಯಾಗಿ ಕಳಿಸ್ಬೇಕು ಅನ್ನೋ ಅಷ್ಟೂ ಗೊತ್ತಾಗಲ್ವೇನಮ್ಮ ನಿಮಗೆ? ಪಕ್ಕದಲ್ಲಿ ಕೂತ ಮಕ್ಕಳಿಗೆ ವಾಕರಿಕೆ ಬರುತ್ತೆ," ಎಂದರು ಟೀಚರು. ಮಾತಾಡುವಾಗ ಸೆರಗು ಮೂಗಿನ ಮೇಲಿತ್ತು.

"ತಪ್ಪಾಯ್ತು ಟೀಚರ್," ಎಂದಳು ಅಮ್ಮ. "ಇನ್ಮೇಲೆ ಸರಿಯಾಗಿ ಸ್ನಾನ ಮಾಡಿಸಿ ಕಳಿಸ್ತೀನಿ."

ಅಂದು ಬೆಳಗ್ಗೆಯೂ ಸ್ನಾನ ಮಾಡಿಸಿಯೇ ಕಳಿಸಿದ್ದಳು. ಉಜ್ಜಿ ಉಜ್ಜಿ ಮಾಡಿಸಿದ್ದಳು. ಅದನ್ನು ಹೇಳಲು ಬಾಯಿ ಬರಲಿಲ್ಲ. ಬಾಯಿ ಬಿಟ್ಟರೆ ಏನಾದೀತೋ ಎಂಬ ಭಯ. ಮಗಳನ್ನು ತನ್ನ ಸೆರಗಿನಲ್ಲಿ ಸುತ್ತಿ ಎತ್ತಿಕೊಂಡು, ಇಡೀ ಸ್ಕೂಲಿನ ಕಣ್ಣು ಬೆನ್ನಿಗೆ ಚುಚ್ಚುತ್ತಿರುವಾಗಲೇ ಗೇಟು ದಾಟಿದಳು.

ಓಣಿಯಲ್ಲಿ ಅವಳನ್ನು ಎಲ್ಲರೂ ಬೆಚ್ಚಿ ಅನ್ನುತ್ತಿದ್ದರು. ಹಿಂದಿನಿಂದ ಯಾರಾದರೂ ಕೂಗಿದರೆ ಬೆಚ್ಚಿ ಬೀಳುತ್ತಿದ್ದಳು, ಅದಕ್ಕೆ. ಮಾತಾಡಿಸಿದರೂ ಬೆಚ್ಚುತ್ತಿದ್ದಳು, ಮಾತಾಡಿಸದಿದ್ದರೆ ಯಾಕೋ ಏನೋ ಎಂದು ಇನ್ನಷ್ಟು ಬೆಚ್ಚುತ್ತಿದ್ದಳು. "ಇವಳು ತನ್ನ ನೆರಳಿಗೇ ದಾರಿ ಬಿಡ್ತಾಳೆ," ಎಂದು ಹೆಂಗಸರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ನಗದಿದ್ದರೆ ಬೇಜಾರು ಮಾಡಿಕೊಂಡಾರು ಎಂಬ ಹೆದರಿಕೆಯಿಂದ.

ಅವಳ ಕೆಲಸ ಸುಣ್ಣದ ತೊಟ್ಟಿಯಲ್ಲಿ. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ಸಡಿಲವಾದ ಮೇಲೆ ಎಳೆದು ತೆಗೆದು, ಮರದ ದಿಮ್ಮಿಯ ಮೇಲೆ ಹರಡಿ, ಎರಡು ಹಿಡಿಯ ಕತ್ತಿಯಿಂದ ಹೆರೆಯಬೇಕು. ನೀರು ಕುಡಿದ ತೊಗಲು ಹೆಣದ ಭಾರ. ಬಗ್ಗಿದ ಬೆನ್ನು ಸಂಜೆಗೆ ನೆಟ್ಟಗಾಗುವುದಿಲ್ಲ. ಸುಣ್ಣ ಉಗುರಿನ ಸಂದಿಯನ್ನು ತಿನ್ನುತ್ತದೆ. ಬೆರಳ ತುದಿಗಳಲ್ಲಿ ಗೆರೆಯೇ ಉಳಿದಿಲ್ಲ. ವಾಸನೆ ಮಾತ್ರ ಉಳಿಯುತ್ತದೆ. ಬಟ್ಟೆಯಲ್ಲಿ, ಕೂದಲಲ್ಲಿ, ಹಾಸಿಗೆಯಲ್ಲಿ, ಮಗು ಕುಡಿಯುವ ಹಾಲಲ್ಲಿ. ಟೀಚರ ಕಾಲಲ್ಲಿದ್ದ ಚಪ್ಪಲಿಗೂ ಒಂದು ಕಾಲಕ್ಕೆ ಅದೇ ವಾಸನೆ ಇತ್ತು. ಅದನ್ನು ಹೋಗಲಾಡಿಸಲು ಟ್ಯಾನರಿಯಲ್ಲಿ ಬೇರೆ ವಿಭಾಗವೇ ಇದೆ. ಮನುಷ್ಯರಿಗೆ ಇಲ್ಲ.

ಮಾರನೆಯ ವಾರ ಸ್ಕೂಲಿನವರು ಹೊಸ ನಿಯಮ ಮಾಡಿದರು. ಟ್ಯಾನರಿ ಓಣಿಯ ಮಕ್ಕಳು ಇನ್ನು ಮೇಲೆ ಜಗಲಿಯಲ್ಲಿ ಕೂರಬೇಕು. ಪಾಠ ಕಿಟಕಿಯಿಂದ ಕೇಳಿಸಿದಷ್ಟು.

ಅಂದು ಸಂಜೆ ಓಣಿಯ ಜನ ನೀರಿನ ಟ್ಯಾಂಕಿನ ಕಟ್ಟೆಯ ಬಳಿ ಸೇರಿದರು. ಎಲ್ಲರಿಗಿಂತ ಜೋರಾಗಿ ಕೂಗಾಡಿದವನು ಬೆಚ್ಚಿಯ ಗಂಡ. ತೊಗಲು ಹಾಕಿ ತಿರುಗಿಸುವ ದೊಡ್ಡ ಡ್ರಮ್ಮಿನ ಕೆಲಸದವನು. ಬಾಯಿಯೂ ಡ್ರಮ್ಮಿನಂತೆಯೇ. "ಕಲ್ಲು ಹೊಡೀಬೇಕು ಆ ಸ್ಕೂಲಿಗೆ. ಬೆಂಕಿ ಇಡ್ಬೇಕು," ಎಂದ.

"ಬೆಂಕಿ ಇಡೋದು ಯಾಕೋ ಮಗನೇ, ಒಳಗೆ ಮಕ್ಕಳಿರ್ತಾವೆ," ಎಂದಳು ಕತ್ತರಿ ಅಜ್ಜಿ. ತೊಗಲಿನ ಅಂಚು ಕತ್ತರಿಸುವ ಕೆಲಸ ಮಾಡಿ ಮಾಡಿ ಅವಳಿಗೆ ಆ ಹೆಸರು. ನಾಲಿಗೆಗೂ ಆ ಹೆಸರು ಒಪ್ಪುತ್ತಿತ್ತು. "ನಮ್ಮದೇ ಒಂದು ಸ್ಕೂಲು ಮಾಡೋಣ."

"ಸ್ಕೂಲು ಮಾಡೋದು ಅಂದ್ರೆ ಕೋಳಿ ಮೊಟ್ಟೆ ಇಟ್ಟ ಹಾಗೇನಜ್ಜಿ, ಕೂತು ಎದ್ದರೆ ಆಗೋಕೆ?"

"ಕೋಳಿಗೂ ತ್ರಾಸ ಇರುತ್ತಪ್ಪ. ನೀನು ಇಟ್ಟು ನೋಡು, ಗೊತ್ತಾಗುತ್ತೆ."

ಜನ ನಕ್ಕರು. ನಗು ನಿಂತ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಜ್ಜಿಯ ಗಂಡ ಬದುಕಿದ್ದಾಗ ತೊಗಲಿಗೆ ಉಪ್ಪು ಹಾಕಿ ಇಡುತ್ತಿದ್ದ ಕೋಣೆ ಓಣಿಯ ತುದಿಯಲ್ಲಿ ಖಾಲಿ ಬಿದ್ದಿತ್ತು. ಓಣಿಯ ಟೇಲರ್ ಮಾವ ಹೈಸ್ಕೂಲು ಮುಗಿಸಿದ್ದ. ಅವನು ಪಾಠ ಹೇಳಬಹುದು ಎಂದರು. ಟೇಲರ್ ಮಾವ ತೊದಲುತ್ತಿದ್ದ. "ನ, ನ, ನನ್ನ ಕೈಲಿ ಆ, ಆಗುತ್ತಾ?" ಎಂದ. "ಆಗಲ್ಲ ಅನ್ನೋಕೆ ನಿಂಗೆ ಬೆಳಗಾಗುತ್ತೆ. ಹೂಂ ಅನ್ನು, ಬೇಗ ಮುಗಿಯುತ್ತೆ," ಎಂದಳು ಅಜ್ಜಿ.

ಬೆಚ್ಚಿ ಗುಂಪಿನ ಅಂಚಿನಲ್ಲಿ ನಿಂತಿದ್ದಳು. ಎಲ್ಲರಿಗೂ ಗೊತ್ತಿದ್ದು ಯಾರೂ ಆಡದ ಮಾತು ಅವಳ ತಲೆಯಲ್ಲಿ ಸುತ್ತುತ್ತಿತ್ತು. ಆ ಸ್ಕೂಲಿನ ಕಮಿಟಿಗೆ ಅಧ್ಯಕ್ಷ ಟ್ಯಾನರಿಯ ಧಣಿ. ನೀರಿನಲ್ಲಿದ್ದುಕೊಂಡು ಮೊಸಳೆಯ ಜೊತೆ ಜಗಳ. ನನ್ನ ಮಗಳಿಂದ ಎಲ್ಲರ ಕೆಲಸ ಹೋಗುತ್ತದೆ ಎಂದುಕೊಂಡು ಅವಳು ಇನ್ನೊಂದು ಹೆಜ್ಜೆ ಹಿಂದೆ ಸರಿದಳು.

ಉಪ್ಪಿನ ಕೋಣೆಯನ್ನು ಹೆಂಗಸರು ತೊಳೆದರು. ಎಷ್ಟು ತೊಳೆದರೂ ಗೋಡೆ ಮತ್ತೆ ಬೆಳ್ಳಗೆ ಉಪ್ಪು ಕಾರುತ್ತಿತ್ತು. ಅದರ ಮೇಲೆ ಸೀಮೆಸುಣ್ಣ ಹತ್ತಲಿಲ್ಲ. ಕೊನೆಗೆ ದಾರಿಯಿಲ್ಲದೆ ಒಂದು ಕೆಟ್ಟ ತೊಗಲಿಗೆ ಕರಿ ಬಣ್ಣ ಕುಡಿಸಿ, ಮರದ ಚೌಕಟ್ಟಿಗೆ ಎಳೆದು ಕಟ್ಟಿ, ಒಣಗಿಸಿ ಬೋರ್ಡು ಮಾಡಿದರು. ಸೀಮೆಸುಣ್ಣ ಅದರ ಮೇಲೆ ಕಿರ್ ಎನ್ನದೆ ಮೆತ್ತಗೆ ಓಡುತ್ತಿತ್ತು. ಟೇಲರ್ ಮಾವ ಬೆಳಗ್ಗೆ ಪಾಠ, ಮಧ್ಯಾಹ್ನದ ಮೇಲೆ ಹೊಲಿಗೆ ಎಂದು ಹಂಚಿಕೊಂಡ. ಅವನು ಅಕ್ಷರಕ್ಕೆ ತಡವರಿಸಿದರೆ ಮಕ್ಕಳು ಕಾಯುತ್ತಿದ್ದವು. ಯಾರೂ ನಗುತ್ತಿರಲಿಲ್ಲ. ನಗೆಗೀಡಾದವರ ಕಷ್ಟ ಅವಕ್ಕೆ ಗೊತ್ತಿತ್ತು. ಆದರೆ ಪಾಠ ಒಪ್ಪಿಸುವಾಗ ಮಕ್ಕಳೂ "ಮ, ಮ, ಮರ," ಎಂದೇ ಓದತೊಡಗಿದವು. ಓದುವುದೇ ಹಾಗೆ ಎಂದುಕೊಂಡಿದ್ದವು.

ಬೆಚ್ಚಿಯ ಮಗಳು ಹೋಗಿ ಬರುತ್ತಿದ್ದಳು. ಬಾಯಿ ಬಿಡುತ್ತಿರಲಿಲ್ಲ. ನಲ್ಲಿಯಿಂದ ನೀರು ಬೀಳುವ ಸದ್ದು ಕೇಳಿದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದಳು.

ತಿಂಗಳಾಗುವ ಮೊದಲೇ ಮೇಸ್ತ್ರಿ ಸುಣ್ಣದ ತೊಟ್ಟಿಯ ಹತ್ತಿರ ಬಂದು ನಿಂತ. ಮೇಸ್ತ್ರಿ ಅಂದರೆ ಟ್ಯಾನರಿಯಲ್ಲಿ ಧಣಿಯ ಕಣ್ಣು, ಕಿವಿ, ಕಾಲು ಎಲ್ಲ. ಬೇಕಾದಾಗ ಕೈಯೂ.

"ಮಕ್ಕಳು ಕಮ್ಮಿ ಆದರೆ ಸ್ಕೂಲಿಗೆ ಸರ್ಕಾರದ ದುಡ್ಡು ನಿಲ್ಲುತ್ತೆ. ಧಣಿಗೆ ಬೇಜಾರಾಗಿದೆ," ಎಂದ. ಎಲ್ಲರಿಗೂ ಕೇಳುವಂತೆ ಹೇಳಿದರೂ ನೋಡಿದ್ದು ಬೆಚ್ಚಿಯನ್ನು. "ಸೋಮವಾರ ಮಕ್ಕಳು ಸ್ಕೂಲಲ್ಲಿರ್ಬೇಕು. ಇಲ್ಲಾಂದ್ರೆ ತಾಯಂದಿರು ಇಲ್ಲಿರಲ್ಲ. ನಿನ್ನ ಮಗಳೇ ಅಲ್ವಾ ಇದಕ್ಕೆಲ್ಲ ಶುರು?"

ಕತ್ತಿ ಅವಳ ಕೈಯಿಂದ ಜಾರಿ ತೊಟ್ಟಿಗೆ ಬಿತ್ತು. ಅದನ್ನು ತೆಗೆಯಲು ಭುಜದವರೆಗೆ ಕೈ ಹಾಕಬೇಕಾಯಿತು. ಸುಣ್ಣದ ನೀರು ಕಂಕುಳಿಗೆ ಹತ್ತಿ ಉರಿಯಿತು. ಮೇಸ್ತ್ರಿ ಅವಳು ಕತ್ತಿ ಹುಡುಕುವುದನ್ನು ನೋಡುತ್ತ ನಿಂತಿದ್ದ.

ಸೋಮವಾರ ಅರ್ಧದಷ್ಟು ಮಕ್ಕಳು ಜಗಲಿಗೆ ವಾಪಸು ಹೋದವು. ಯಾರೂ ಯಾರನ್ನೂ ಬೈಯಲಿಲ್ಲ. ಬೈಯಲು ಯಾರಿಗೆ ಮುಖವಿತ್ತು? ತೊಟ್ಟಿ ತುಂಬ ತೊಗಲಿತ್ತು, ಉಳಿದ ತಾಯಂದಿರನ್ನು ಧಣಿ ಕೂಡಲೇ ತೆಗೆಯಲಿಲ್ಲ. ಆದರೆ ಬೆಚ್ಚಿಯ ಗಂಡನನ್ನು ಡ್ರಮ್ಮಿನಿಂದ ಕೊಳೆ ಗುಂಡಿಗೆ ಹಾಕಿದರು. ಸೊಂಟದವರೆಗೆ ಇಳಿದು ಕೊಳೆ ಎತ್ತುವ ಕೆಲಸ. ಅಲ್ಲಿ ಇಳಿದ ಕೆಲವರು ಗಾಳಿ ಸಿಗದೆ ಮೇಲೆ ಬಂದಿರಲಿಲ್ಲ. ಅಂದಿನಿಂದ ಗಂಡನ ಬಾಯಿ ಮುಚ್ಚಿಹೋಯಿತು.

"ಕಳಿಸಿಬಿಡು ಮಗಳನ್ನ," ಎಂದ ಒಂದು ಸಂಜೆ, ಗೋಡೆ ನೋಡುತ್ತ. "ಜಗಲಿ ಆದ್ರೇನು? ನೆರಳಿದೆಯಲ್ಲ."

ಅವಳೂ ಅದನ್ನೇ ಅಂದುಕೊಂಡಿದ್ದಳು. ಹಗಲೆಲ್ಲ ಅದನ್ನೇ ಅಂದುಕೊಂಡಿದ್ದಳು. ಆದರೆ ಮೂಲೆಯಲ್ಲಿ ಕೂತ ಮಗಳು ಆ ಮಾತು ಕೇಳಿದ್ದೇ ಎರಡೂ ಕೈಯಿಂದ ತನ್ನ ಫ್ರಾಕನ್ನು ಬಿಗಿಯಾಗಿ ಹಿಡಿದುಕೊಂಡಳು. ಯಾರೋ ಈಗಲೇ ಬಿಚ್ಚಲು ಬರುತ್ತಾರೆ ಅನ್ನುವ ಹಾಗೆ.

"ನಾಳೆ ನೋಡೋಣ," ಎಂದಳು ಬೆಚ್ಚಿ. ಮಾರನೆಯ ದಿನವೂ ನಾಳೆ ನೋಡೋಣ ಎಂದಳು. ಹೆದರುವವರಿಗೆ ಗೊತ್ತಿರುವ ಉಪಾಯ ಅದೊಂದೇ.

ಉಪ್ಪಿನ ಕೋಣೆಯ ಹೆಂಚಿನ ಮೇಲೆ ಕಲ್ಲುಗಳು ಬೀಳತೊಡಗಿದವು. ಆಮೇಲೆ ಒಬ್ಬೊಬ್ಬರು ದಿನಕ್ಕೊಬ್ಬರಂತೆ ಕೆಲಸ ಬಿಟ್ಟು ಬಾಗಿಲಲ್ಲಿ ಕಾವಲು ಕೂರುವುದು ಎಂದಾಯಿತು. ತನ್ನ ಸರದಿ ಬಂದಾಗ ಬೆಚ್ಚಿ ಮೂರು ಮನೆಗೆ ಹೋಗಿ ಅಂಗಲಾಚಿದಳು. "ಅಕ್ಕಾ, ನನ್ನ ಬದಲು ನೀನು ಕೂರು. ನಿನ್ನ ಪಾಳಿ ಹತ್ತು ಸಲ ಬೇಕಾದ್ರೆ ತೊಟ್ಟಿಯಲ್ಲಿ ನಾನು ಮಾಡ್ತೀನಿ." ಯಾರಿಗೂ ಆಗಲಿಲ್ಲ. "ನೀನು ಸುಮ್ನೆ ಕೂತಿರು ಸಾಕು," ಎಂದಳು ಕತ್ತರಿ ಅಜ್ಜಿ. "ದೂರದಿಂದ ನೋಡಿದ್ರೆ ನೀನು ಹೆದರ್ತೀಯ ಅಂತ ಯಾರಿಗೆ ಗೊತ್ತಾಗುತ್ತೆ?"

ಅವರು ಬಂದದ್ದು ಅದೇ ದಿನ.

ಬಿಸಿಲು ಏರಿತ್ತು. ಟ್ಯಾನರಿಯಿಂದ ಬಿಡುವು ಮಾಡಿಕೊಂಡು ಬಂದ ಅಜ್ಜಿ ಮಕ್ಕಳಿಗೆ ಕುಡಿಯುವ ನೀರು ತರಲು ಟ್ಯಾಂಕಿನ ಕಡೆ ಹೋಗಿದ್ದಳು. ಓಣಿಯ ತಿರುವಿನಲ್ಲಿ ಕಾರು ನಿಂತಿತು. ಮೇಸ್ತ್ರಿ ಇಳಿದ. ಹಿಂದೆ ಹೆಡ್‌ಮಾಸ್ಟರು. ಅವರ ಹಿಂದೆ ಸ್ಕೂಲುಗಳನ್ನು ತಪಾಸಣೆ ಮಾಡುವ ಸಾಹೇಬರು, ಕರವಸ್ತ್ರ ಮೂಗಿಗೆ ಹಿಡಿದುಕೊಂಡು. ಮೇಸ್ತ್ರಿಯ ಕೈಯಲ್ಲಿ ದೊಡ್ಡ ಬೀಗ ತೂಗಾಡುತ್ತಿತ್ತು.

ಬೆಚ್ಚಿ ಎದ್ದು ನಿಂತಳು. ಓಡಬೇಕು ಅನ್ನಿಸಿತು. ಓಡಿದಳು ಕೂಡ. ಆದರೆ ಓಡಲು ಇದ್ದ ದಾರಿಯಲ್ಲಿ ಅವರು ಬರುತ್ತಿದ್ದರು. ಆದ್ದರಿಂದ ಹಿಂದಕ್ಕೆ ಓಡಿದಳು. ಕೋಣೆಯೊಳಗೆ ನುಗ್ಗಿ, ಬಾಗಿಲು ಎಳೆದು, ಅಗುಳಿ ಹಾಕಿಬಿಟ್ಟಳು.

ಆಮೇಲೆ ಓಣಿಯವರು ಅದನ್ನು ಧೈರ್ಯ ಎಂದರು. ಅದು ಧೈರ್ಯವಲ್ಲ. ಇಲಿ ಬಿಲಕ್ಕೆ ನುಗ್ಗಿದ ಹಾಗೆ ಅವಳು ನುಗ್ಗಿದ್ದು. ಅಗುಳಿ ಹಾಕಿದ್ದು ಅವಳ ಕೈ. ಅವಳನ್ನು ಕೇಳಿ ಹಾಕಲಿಲ್ಲ.

ಒಳಗೆ ಮಕ್ಕಳು ಅವಳನ್ನೇ ನೋಡುತ್ತಿದ್ದವು. ಟೇಲರ್ ಮಾವ ಸೀಮೆಸುಣ್ಣ ಹಿಡಿದು ನಿಂತಿದ್ದ. "ಯಾ, ಯಾ, ಯಾರು?" ಎಂದ. ಅವಳು ತುಟಿಯ ಮೇಲೆ ಬೆರಳಿಟ್ಟಳು.

ಹೊರಗಿನಿಂದ ಬಾಗಿಲು ದಡದಡ ಬಡಿದರು. ಉಪ್ಪು ತಿಂದು ಟೊಳ್ಳಾದ ಹಲಗೆಗಳು ಅದುರಿದವು. ಹೆಡ್‌ಮಾಸ್ಟರರ ದನಿ ಮೆದುವಾಗಿತ್ತು. "ಯಾರಮ್ಮ ಒಳಗೆ? ಬಾಗಿಲು ತೆಗಿ ತಾಯಿ. ಮಕ್ಕಳನ್ನ ಒಳ್ಳೇ ಸ್ಕೂಲಿಗೆ ಕರ್ಕೊಂಡು ಹೋಗೋಕೆ ಬಂದಿದೀವಿ. ಅವರ ಭವಿಷ್ಯದ ಪ್ರಶ್ನೆ."

ಅವಳು ಅಗುಳಿಯ ಮೇಲೆ ಎರಡೂ ಕೈ ಇಟ್ಟಳು.

"ಅನುಮತಿ ಇಲ್ಲದ ಸ್ಕೂಲಿದು," ಎಂದಿತು ಸಾಹೇಬರ ದನಿ, ಕರವಸ್ತ್ರದ ಹಿಂದಿನಿಂದ. "ಮಕ್ಕಳನ್ನ ಕೂಡಿ ಹಾಕಿದ್ದೀಯ ಅಂತ ಕೇಸಾಗುತ್ತೆ. ಗೊತ್ತಾ? ಒಳಗೆ ಹೋಗ್ತೀಯ ನೋಡು."

"ಒಳಗೇ ಇದೀನಿ ಸಾರ್," ಎಂದಳು ಬೆಚ್ಚಿ.

ಅವಳು ತಮಾಷೆಗೆ ಹೇಳಿದ್ದಲ್ಲ. ಹೆದರಿದ ಬಾಯಿಯಿಂದ ನಿಜ ಬಿದ್ದುಹೋಗಿತ್ತು. ಮಕ್ಕಳು ಕಿಸಕ್ಕೆಂದು ನಕ್ಕವು. ಆಮೇಲೆ ಮೇಸ್ತ್ರಿ, "ಹಂಗಾದ್ರೆ ಅಲ್ಲೇ ಇರು," ಎಂದ. ಹೊರಗಿನ ಚಿಲಕ ಬಿದ್ದಿತು. ಬೀಗ ಕಟಕ್ಕೆಂದಿತು.

"ಮಕ್ಕಳಿದಾರೆ ಕಣ್ರೀ," ಎಂದರು ಹೆಡ್‌ಮಾಸ್ಟರು.

"ಸ್ವಲ್ಪ ಹೊತ್ತು ಬಿಡಿ ಸಾರ್. ಬಿಸಿಲಿಗೆ ತಾವೇ ಕಿರುಚಿಕೊಳ್ತಾರೆ. ನನಗೆ ಗೊತ್ತಿಲ್ವಾ ಇವರು?"

ಕೋಣೆಗೆ ಕಿಟಕಿ ಇರಲಿಲ್ಲ. ಉಪ್ಪಿನ ಕೋಣೆಗೆ ಯಾರು ಕಿಟಕಿ ಇಡುತ್ತಾರೆ? ಬೆಳಕು ಬರುತ್ತಿದ್ದದ್ದು ಬಾಗಿಲಿಂದ. ಈಗ ಅದು ಮುಚ್ಚಿತ್ತು. ಹಲಗೆಯ ಬಿರುಕುಗಳಿಂದ ಮಾತ್ರ ಗೆರೆಗೆರೆಯಾಗಿ ಬಿಸಿಲು. ಹೆಂಚು ಕಾದು ಮೇಲಿನಿಂದ ಝಳ ಇಳಿಯತೊಡಗಿತು. ಎಲ್ಲಕ್ಕಿಂತ ಚಿಕ್ಕ ಮಗು ಚಡ್ಡಿ ಒದ್ದೆ ಮಾಡಿಕೊಂಡು ಅಳಲು ಶುರುಮಾಡಿತು. ಇನ್ನೊಂದು ಸೇರಿಕೊಂಡಿತು. ಮಕ್ಕಳಿಗೆ ಏನಾದರೂ ಆದರೆ? ಉಸಿರು ಕಟ್ಟಿದರೆ? ಕೇಸು, ಜೈಲು, ಓಣಿಯ ತಾಯಂದಿರ ಮುಖ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ತಪ್ಪಾಯ್ತು ಸಾರ್, ಬಾಗಿಲು ತೆಗೀರಿ ಎನ್ನಬೇಕು. ಅಷ್ಟೇ. ಆ ಮಾತು ಅವಳಿಗೆ ಬಾಯಿಪಾಠವಾಗಿತ್ತು. ಹುಟ್ಟಿದಾಗಿನಿಂದ ಅದನ್ನೇ ಒಪ್ಪಿಸುತ್ತ ಬಂದಿದ್ದಳು.

ಬಾಗಿಲಿಗೆ ಬಾಯಿ ಹಚ್ಚಿದಳು. "ಸಾರ್," ಎಂದಳು.

"ಹಾಂ, ಬಂತು ನೋಡಿ ದಾರಿಗೆ," ಎಂದ ಮೇಸ್ತ್ರಿ.

ಕತ್ತಲಲ್ಲಿ ಯಾರೋ ಅವಳ ಸೆರಗು ಹಿಡಿದರು. ಮಗಳು. ಎಳೆಯಲಿಲ್ಲ, ಅಳಲಿಲ್ಲ. ಹಿಡಿದು ನಿಂತಳು. ಬಿಸಿಲಿನ ಒಂದು ಗೆರೆ ಅವಳ ಕತ್ತಿನ ಹಿಂದೆ ಬಿದ್ದಿತ್ತು. ಫಿನಾಯಿಲು ಸುಟ್ಟ ಕಡೆ ಹೊಸ ಚರ್ಮ ಬಂದಿತ್ತು. ಹೆರೆದು ತೆಗೆದ ತೊಗಲಿನ ಹಾಗೆ ತೆಳ್ಳಗೆ, ನುಣ್ಣಗೆ.

"ಸಾರ್," ಎಂದಳು ಬೆಚ್ಚಿ ಮತ್ತೆ. ದನಿ ನಡುಗುತ್ತಿತ್ತು. ಕೊನೆಯವರೆಗೂ ನಡುಗುತ್ತಲೇ ಇತ್ತು. "ನೀವು ನನ್ನ ಮಗಳನ್ನ ತೊಳೆದ್ರಿ. ಬಟ್ಟೆ ಬಿಚ್ಚಿಸಿ, ಎಲ್ಲರ ಮುಂದೆ ತೊಳೆದ್ರಿ. ನಾನು ತಪ್ಪಾಯ್ತು ಅಂದೆ. ನನ್ನದೇನೂ ತಪ್ಪಿರಲಿಲ್ಲ. ಬೆಳಗ್ಗೆ ಸ್ನಾನ ಮಾಡಿಸಿದ್ದೆ. ವಾಸನೆ ಅವಳದ್ದಲ್ಲ. ನನ್ನದೂ ಅಲ್ಲ. ಅದು ನಿಮ್ಮ ಧಣಿಯ ತೊಗಲಿಂದು. ಹೋಗಿ ಅವರನ್ನ ತೊಳೀರಿ. ನಾನು ಮಕ್ಕಳನ್ನ ಕೊಡಲ್ಲ."

ಹೇಳಿ ಮುಗಿಸಿ ಅಲ್ಲೇ ಕುಸಿದು ಕೂತಳು. ಹಿಂದೆ ಟೇಲರ್ ಮಾವ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಬೋ, ಬೋರ್ಡು ಕಾಣದಿದ್ರೇನು," ಎಂದ ಮಕ್ಕಳಿಗೆ. "ಬಾ, ಬಾಯಲ್ಲೇ ಹೇಳೋಣ. ಎ, ಎರಡೊಂದ್ಲಿ ಎರಡು." ಅಳುತ್ತಿದ್ದವೂ ಸೇರಿ ಮಕ್ಕಳು ಮಗ್ಗಿ ಕೂಗತೊಡಗಿದವು. ಬೆವರಿನಲ್ಲಿ ತೊಯ್ದು, ಕಣ್ಣು ಮುಚ್ಚಿ, ಕಿರುಚಿದ ಹಾಗೆ ಕೂಗಿದವು. ಹೊರಗಿನವರು ಏನು ಮಾತಾಡಿಕೊಂಡರೋ ಕೇಳಿಸದ ಹಾಗಾಯಿತು.

ಮೊದಲು ಬಂದದ್ದು ವಾಸನೆ. ಬೆಚ್ಚಿಗೆ ಬಾಗಿಲ ಸಂದಿಯಿಂದ ಅದು ಗೊತ್ತಾಯಿತು. ಹಸಿ ಸುಣ್ಣ, ಕೊಳೆತ ಕೂದಲು, ಒದ್ದೆ ತೊಗಲು. ಬಿರುಕಿಗೆ ಕಣ್ಣಿಟ್ಟಳು. ಓಣಿಯ ತುಂಬ ಹೆಂಗಸರು. ಬೀಗ ಹಾಕಿದ್ದನ್ನು ದೂರದಿಂದ ಕಂಡ ಅಜ್ಜಿ ಕೊಡ ಅಲ್ಲೇ ಬಿಟ್ಟು ಟ್ಯಾನರಿಗೆ ಓಡಿದ್ದಳು. ತೊಟ್ಟಿಯಿಂದ ನೇರವಾಗಿ ಎದ್ದು ಬಂದಿದ್ದರು ಅವರು. ರಬ್ಬರಿನ ಏಪ್ರನ್ನಿನಿಂದ ಸುಣ್ಣದ ನೀರು ಸುರಿಯುತ್ತಿತ್ತು. ತೋಳಿಗೆ ಕೂದಲು ಮೆತ್ತಿತ್ತು. ಮಕ್ಕಳನ್ನು ಜಗಲಿಗೆ ವಾಪಸು ಕಳಿಸಿದ್ದ ತಾಯಂದಿರೂ ಇದ್ದರು. ಕೂಗಲಿಲ್ಲ, ಬೈಯಲಿಲ್ಲ. ಹತ್ತಿರ ಬಂದರು. ಇನ್ನೂ ಹತ್ತಿರ ಬಂದರು.

ಸಾಹೇಬರು ಒಂದು ಹೆಜ್ಜೆ ಹಿಂದಿಟ್ಟರು. ಹೆಡ್‌ಮಾಸ್ಟರು ಓಕರಿಸಿ ಗೋಡೆ ಹಿಡಿದುಕೊಂಡರು. "ದೂರ, ದೂರ ನಿಲ್ರಮ್ಮ," ಎಂದರು.

"ಯಾಕೆ ಸಾರ್? ಫಿನಾಯಿಲು ತಂದಿಲ್ವಾ?" ಎಂದಳು ಕತ್ತರಿ ಅಜ್ಜಿ. "ತೊಳೀರಿ. ನಾವು ಬಿಚ್ಚಿ ನಿಲ್ತೀವಿ."

ಸಾಹೇಬರು ಹಿಂತಿರುಗಿಯೂ ನೋಡದೆ ಕಾರಿನ ಕಡೆ ಹೋದರು. ಹೆಡ್‌ಮಾಸ್ಟರು ಅವರ ಹಿಂದೆ. ಮೇಸ್ತ್ರಿ ಬೀಗದ ಕೈ ಜೇಬಿಗಿಳಿಸಿ, "ಒಬ್ಬೊಬ್ಬರದ್ದೂ ನೋಡ್ಕೊಳ್ತೀನಿ," ಎಂದು ಹೋದ. ತೊಗಲು ಎಳೆಯುವ ಕಬ್ಬಿಣದ ಕೊಕ್ಕೆ ಹಾಕಿ ಹೆಂಗಸರು ಚಿಲಕವನ್ನೇ ಕಿತ್ತರು. ಒಳಗಿನ ಅಗುಳಿ ತೆಗೆಯಲು ಬೆಚ್ಚಿ ಇನ್ನೂ ಏಳುತ್ತಿದ್ದಳು. ಮಗಳೇ ತೆಗೆದಳು.

ಸುಣ್ಣದಲ್ಲಿ ಹೆಚ್ಚು ಹೊತ್ತು ಬಿಟ್ಟ ತೊಗಲು ಕೊಳೆತು ಹಾಳಾಗುತ್ತದೆ. ಅದಕ್ಕೆ ಧಣಿ ಸಂಜೆಯೊಳಗೆ ಹೆಂಗಸರನ್ನು ವಾಪಸು ಕರೆಸಿಕೊಂಡ. ಅಜ್ಜಿಯನ್ನೂ ಬೆಚ್ಚಿಯನ್ನೂ ಮಾತ್ರ ಗೇಟಿನಿಂದಲೇ ಕಳಿಸಿದರು.

ಗಂಡ ಕೊಳೆ ಗುಂಡಿಯಿಂದ ಮನೆಗೆ ಬಂದು ಹೊಸಿಲ ಮೇಲೆ ಕೂತ.

"ನಾನು ಬರ್ಬೇಕಿತ್ತು," ಎಂದ.

"ಹೂಂ," ಎಂದಳು ಅವಳು. ಅನ್ನ ಬಡಿಸಿದಳು.

ಮರುದಿನ ಬೆಳಗ್ಗೆ ಅವಳು ಕೋಣೆಗೆ ಹೊರಟಳು. ಹೆದರಿಕೆ ಒಂದು ಕೂದಲಿನಷ್ಟೂ ಕಮ್ಮಿಯಾಗಿರಲಿಲ್ಲ. ಇಂದು ಅವಳ ಸರದಿಯಲ್ಲ. ಆದರೆ ಕೆಲಸ ಹೋಗಿತ್ತು, ಬೇರೆಲ್ಲಿ ಹೋಗುವುದು? ಸರದಿಯವಳನ್ನು ಕೆಲಸಕ್ಕೆ ಕಳಿಸಿ ತಾನೇ ಕೋಣೆಯ ಬಾಗಿಲಲ್ಲಿ ಕೂತಳು. ಜಗಲಿಗೆ ಹೋಗಿದ್ದ ಮಕ್ಕಳಲ್ಲಿ ಕೆಲವು ಬಂದಿದ್ದವು, ಕೆಲವು ಬಂದಿರಲಿಲ್ಲ. ಒಳಗೆ ಟೇಲರ್ ಮಾವ ಒಂದು ವಾಕ್ಯ ಬರೆದು ಓದಿಸುತ್ತಿದ್ದ. ಅವನ ನಾಲಿಗೆ ತಡವರಿಸಿತು. ಮಕ್ಕಳು ಕಾಯುತ್ತಿದ್ದವು.

ಆಗ ಜೀಪಿನ ಸದ್ದು ಬಂತು.

ಈ ಸಲ ಪೊಲೀಸು. ಮುಂದಿನ ಸೀಟಿನಲ್ಲಿ ಇನ್‌ಸ್ಪೆಕ್ಟರು, ಹಿಂದೆ ಲಾಠಿ ಹಿಡಿದವರು. ಓಣಿ ಖಾಲಿಯಿತ್ತು. ಎಲ್ಲರೂ ಕೆಲಸಕ್ಕೆ ಹೋಗಿದ್ದರು. ಅಜ್ಜಿ ಇನ್ನೂ ಬಂದಿರಲಿಲ್ಲ. ಜೀಪು ಕೋಣೆಯ ಮುಂದೆಯೇ ಬಂದು ನಿಂತು ಗುರುಗುಟ್ಟಿತು. ಹೊಗೆ ಬಾಗಿಲಿಗೆ ನುಗ್ಗಿತು. ಒಳಗಿನ ಓದು ಅದರಲ್ಲಿ ಮುಳುಗಿಹೋಯಿತು.

ಬೆಚ್ಚಿ ಎದ್ದಳು. ಹಿಂದೆ ಬಾಗಿಲು ತೆರೆದೇ ಇತ್ತು. ಕೈ ಅದರ ಕಡೆ ಹೋಗಿ ವಾಪಸು ಬಂತು. ಕಾಲು ಎಳೆದುಕೊಂಡು ಜೀಪಿನ ಹತ್ತಿರ ಹೋದಳು.

"ಏನಮ್ಮ?" ಎಂದರು ಇನ್‌ಸ್ಪೆಕ್ಟರು.

"ಎಂಜಿನ್ ನಿಲ್ಸಿ ಸಾರ್," ಎಂದಳು ಅವಳು. "ಪಾಠ ನಡೀತಿದೆ. ಮಕ್ಕಳಿಗೆ ಕೇಳಿಸ್ತಿಲ್ಲ."

ಡ್ರೈವರು ಇನ್‌ಸ್ಪೆಕ್ಟರರ ಮುಖ ನೋಡಿದ. ಇನ್‌ಸ್ಪೆಕ್ಟರು ಅವಳ ಮುಖ ನೋಡಿದರು. ಅವಳು ಅಡಿಯಿಂದ ಮುಡಿಯವರೆಗೆ ನಡುಗುತ್ತಿದ್ದಳು. ನಡುಗುತ್ತ ನಿಂತೇ ಇದ್ದಳು.

ಡ್ರೈವರು ಕೀಲಿ ತಿರುಗಿಸಿದ. ಎಂಜಿನ್ ನಿಂತಿತು.